ಬೀಗ ಹಾಕಿದ ಮನೆಗಳ ಅಕ್ಕೋರು

ಈ ವರ್ಷ ಜನವರಿ ಮೊದಲ ವಾರ ಪ್ರಕಟವಾದ ಮತದಾರರ ಪಟ್ಟಿಯಲ್ಲಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಗಡಿಗೆ ಹೊಂದಿಕೊಂಡ ಒಂದು ಊರಿನ ಮತಗಟ್ಟೆಯಿಂದ ಒಬ್ಬರ ಹೆಸರನ್ನು ಕೈಬಿಡಲಾಗಿದೆ. ಹೆಣ್ಣು, ವಯಸ್ಸು ಅರವತ್ತೊಂದು. ಕಾರಣದ ಜಾಗದಲ್ಲಿ ‘ಮರಣ’ ಎಂದಿದೆ. ಹೆಸರು ತೆಗೆಯಲು ಅರ್ಜಿ ಕೊಟ್ಟವರು ಅದೇ ಊರಿನ ಹಾಲಪ್ಪ, ಕುರಿ ಸಾಕುವವರು. ಸಹಿಯ ಜಾಗದಲ್ಲಿ ಎಡಗೈ ಹೆಬ್ಬೆಟ್ಟು.

ಕೈಬಿಟ್ಟ ಹೆಸರಿನವರು ಹದಿನೆಂಟು ವರ್ಷ ಅದೇ ಪಟ್ಟಿಯನ್ನು ನೋಡಿಕೊಂಡಿದ್ದರು. ಅವರ ಕೆಲಸ ಅಂಗನವಾಡಿಯಲ್ಲಿ. ಮತದಾರರ ಪಟ್ಟಿ ಅದರ ಮೇಲೆ ಬಿದ್ದ ಹೆಚ್ಚಿನ ಹೊಣೆ. ಮನೆಮನೆಗೆ ಹೋಗಿ ಯಾರು ಇದ್ದಾರೆ, ಯಾರು ತೀರಿಕೊಂಡರು, ಯಾರಿಗೆ ಹದಿನೆಂಟು ತುಂಬಿತು ಎಂದು ಬರೆದು ತಾಲ್ಲೂಕು ಕಚೇರಿಗೆ ಕೊಡಬೇಕು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಊರಿಗೆಲ್ಲ ಅವರು ಅಕ್ಕೋರು. ಇಲ್ಲಿಯೂ ಹಾಗೇ ಕರೆಯುತ್ತೇನೆ. ನಾನು ಪತ್ರಿಕೆಗೆ ಅವರ ಊರಿನ ಸುದ್ದಿ ಬರೆದಾಗಲೆಲ್ಲ ಒಂದು ಷರತ್ತು ಹಾಕುತ್ತಿದ್ದರು: “ನನ್ನ ಹೆಸರು ಪಟ್ಟ್ಯಾಗ ಇದ್ರ ಸಾಕ್ರಿ. ಪೇಪರಿನ್ಯಾಗ ಬ್ಯಾಡ.” ಪಟ್ಟಿಯಲ್ಲಿ ಈಗ ಇಲ್ಲ. ಷರತ್ತನ್ನು ಮುರಿಯಲು ಅದು ಕಾರಣವಾಗುವುದಿಲ್ಲ.

ಅವರನ್ನು ಮೊದಲು ನೋಡಿದ್ದು ಒಂದು ಮತದಾನದ ದಿನ. ಹಗರಿಬೊಮ್ಮನಹಳ್ಳಿಯಿಂದ ಸುದ್ದಿ ಕಳಿಸುವ ಕೆಲಸಕ್ಕೆ ಸೇರಿ ನನಗೆ ವರ್ಷವೂ ಆಗಿರಲಿಲ್ಲ. ಶಾಲೆಯ ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಬೆಂಚು ಹಾಕಿಕೊಂಡು, ಪಟ್ಟಿ ಹರವಿ, ಬಂದವರಿಗೆ ಕ್ರಮಸಂಖ್ಯೆಯ ಚೀಟಿ ಕೊಡುತ್ತಿದ್ದರು. ಹತ್ತು ಗಂಟೆಯ ಸುಮಾರಿಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಾಲಪ್ಪ ಬಂದರು. ಹಿಂದೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ ಮಲ್ಲವ್ವ. ಸಿರುಗುಪ್ಪದ ಕಡೆಯ ಕಾಲುವೆ ಗದ್ದೆಗಳಲ್ಲಿ ಕುರಿ ನಿಲ್ಲಿಸಿ, ತಮ್ಮನ ವಶಕ್ಕೆ ಕೊಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದರು. ಐದು ಗುರುತಿನ ಚೀಟಿಗಳು ಕೈಯಲ್ಲಿದ್ದವು. ಐದೂ ಹೆಸರು ಪಟ್ಟಿಯಲ್ಲಿರಲಿಲ್ಲ.

“ಸರಿ ನೋಡ್ರಿ ಅಕ್ಕೋರ. ಹೋದ ಸಲ ಇಲ್ಲೇ ಹಾಕೀನಿ ಓಟು.”

“ನೋಡೀನಿ ಅಜ್ಜಾ. ಇಲ್ಲ.”

“ಹಂಗಾರ ನಾ ಸತ್ತೀನೇನು?”

“ಸತ್ತಿಲ್ಲ. ಊರು ಬಿಟ್ಟು ಹೋಗ್ಯಾರ ಅಂತ ಬರದೈತಿ.”

“ಯಾವ ಬಾಡ್ಯಾ ಬರದಾನ ಹಂಗಂತ?”

“ನಾನ ಬರದೀನಿ” ಎಂದರು ಅಕ್ಕೋರು.

ಸಾಲಿನಲ್ಲಿ ನಿಂತವರು ನಕ್ಕರು. ಹಾಲಪ್ಪನವರ ದನಿ ಇಳಿಯಿತು. “ಊರು ಬಿಡಾಂವ ದೇವ್ರನ್ನ ಬಿಟ್ಟು ಹೊಕ್ಕಾನೇನವಾ? ನಮ್ಮ ದೇವ್ರ ಜಗಲಿ ಮ್ಯಾಲ ಮೈಲಾರಲಿಂಗ ಅಲ್ಲೇ ಅದಾನ. ಐತವಾರಕ್ಕೊಮ್ಮೆ ಬಾಜೂ ಮನಿಯಾಕಿ ಬೀಗ ತಗದು ದೀಪ ಹಚ್ಚತಾಳ. ನೀ ಬೀಗ ನೋಡಿದಿ, ದೀಪ ಕೇಳಲಿಲ್ಲ.”

ಕುರಿಯ ಹಿಂದೆ ಹೋಗುವ ಮನೆಗಳಲ್ಲಿ ಅದು ರೂಢಿ. ದೀಪಾವಳಿ ಮುಗಿದ ಮೇಲೆ ಹೊರಟವರು ಮುಂಗಾರಿಗೆ ತಿರುಗಿ ಬರುತ್ತಾರೆ. ಅಷ್ಟೂ ತಿಂಗಳು ಮನೆಗೆ ಬೀಗ. ಕೀಲಿ ಪಕ್ಕದ ಮನೆಯಲ್ಲಿ. ಮೈಲಾರಲಿಂಗನ ವಾರವಾದ ಭಾನುವಾರ ಪಕ್ಕದವರು ಒಳಗೆ ಹೋಗಿ ದೀಪ ಹಚ್ಚುತ್ತಾರೆ. ಒಕ್ಕಲು ಕಿತ್ತು ಹೋಗುವವರು ದೇವರನ್ನೂ ಕಟ್ಟಿಕೊಂಡು ಹೋಗುತ್ತಾರೆ. ಮತದಾರರ ಪಟ್ಟಿಯ ಪರಿಶೀಲನೆ ನಡೆಯುವುದು ಇವರೆಲ್ಲ ಊರಲ್ಲಿಲ್ಲದ ತಿಂಗಳುಗಳಲ್ಲಿ. ಅಕ್ಕೋರು ಮೂರು ಸಲ ಹೋಗಿದ್ದರು, ಮೂರು ಸಲವೂ ಬೀಗ ಇತ್ತು, ‘ಸ್ಥಳಾಂತರ’ ಎಂದು ಬರೆದಿದ್ದರು. ನಿಯಮದ ಪ್ರಕಾರ ತಪ್ಪಿರಲಿಲ್ಲ.

ಹಾಲಪ್ಪ ಮತದಾನ ಮುಗಿಯುವವರೆಗೆ ಬೇವಿನ ಮರದ ಕೆಳಗೆ ಕೂತಿದ್ದರು. ಯಾರಾದರೂ ದೊಡ್ಡವರು ಬಂದು ಸರಿ ಮಾಡುತ್ತಾರೆ ಎಂದುಕೊಂಡಿದ್ದರು. ಅಕ್ಕೋರು ಎರಡು ಸಲ ಚಹಾ ತರಿಸಿದರು. ಹಾಲಪ್ಪ ಮುಟ್ಟಲಿಲ್ಲ. ಎರಡನ್ನೂ ಮಲ್ಲವ್ವ ಕುಡಿದರು.

ಕಣ್ತಪ್ಪಿನಿಂದ ಐವರ ಹೆಸರು ಬಿಟ್ಟುಹೋಗಿದೆ ಎಂದು ಅಧಿಕಾರಿಯೊಬ್ಬರು ಹೇಳಿದ್ದನ್ನು ನಾನು ಹಾಗೆಯೇ ಬರೆದೆ. ಮರುದಿನ ಪತ್ರಿಕೆ ತಲುಪಿದ ಮೇಲೆ ಅಕ್ಕೋರು ಫೋನ್ ಮಾಡಿದರು. ಅದು ನಮ್ಮ ಮೊದಲ ಮಾತು.

“ಕಣ್ತಪ್ಪು ಅಂತ ಹಾಕೀರಿ. ನನ್ನ ಕಣ್ಣು ಚಲೋ ಅದಾವ್ರಿ. ಬಾಜೂ ಮನಿತನ ನಾಕು ಹೆಜ್ಜಿ ಹೋಗಿ ಕೇಳಲಿಲ್ಲ. ಅದನ್ನ ಬರೀರಿ.”

ತಿದ್ದುಪಡಿ ಎಂದು ಅದನ್ನು ಹಾಕಲು ಪತ್ರಿಕೆಯಲ್ಲಿ ಜಾಗ ಸಿಗಲಿಲ್ಲ. ಇಲ್ಲಿ ಹಾಕಿದ್ದೇನೆ.

ಹಾಲಪ್ಪನವರ ಮನೆಯ ಐದೂ ಹೆಸರನ್ನು ಅಕ್ಕೋರು ಮುಂದಿನ ಪಟ್ಟಿಗೆ ಮತ್ತೆ ಸೇರಿಸಿದರು. ಆ ವರ್ಷದ ನಂತರ ಅವರ ಪಟ್ಟಿಯ ಕೆಲಸ ಬದಲಾಯಿತು. ಸರಕಾರ ಕೊಟ್ಟ ನಮೂನೆಯ ಜೊತೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡರು. ಮನೆ ಸಂಖ್ಯೆ, ಯಜಮಾನರ ಹೆಸರು, ಮನೆಮಂದಿ, ಎಲ್ಲ ಆದ ಮೇಲೆ ಕೊನೆಗೆ ಅವರೇ ಗೆರೆ ಹಾಕಿಕೊಂಡ ಒಂದು ಕಾಲಂ. ಅದರ ತಲೆಬರಹ ‘ದೀಪ’. ಬೀಗ ಹಾಕಿದ ಪ್ರತಿ ಮನೆಯ ಎದುರು ದೀಪ ಹಚ್ಚುವವರ ಹೆಸರು. ದೀಪದ ರೂಢಿ ಇಲ್ಲದ ಮನೆಗಳಿಗೆ ಬೇರೆ ಪ್ರಶ್ನೆ ಇತ್ತು. ದುಡಿಯಲು ಹೊರಗೆ ಹೋಗುವವರ ಓಣಿಯಲ್ಲಿ “ಕೋಳಿ ಯಾರ ಹತ್ರ ಬಿಟ್ಟಾರ?” ಎಂದು ಕೇಳುತ್ತಿದ್ದರು. ಪೂರ್ತಿ ಹೋಗುವವರು ಕೋಳಿ ಮಾರುತ್ತಾರೆ, ಬರುವವರು ಬಿಟ್ಟು ಹೋಗುತ್ತಾರೆ ಎಂಬುದು ಅವರು ಕಂಡುಕೊಂಡ ವಿಷಯ. ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಒಬ್ಬ ಮನುಷ್ಯನನ್ನು ಕಣ್ಣಾರೆ ಕಂಡ ಮೇಲೆ ಅದರ ಮೇಲೆ ಪೆನ್ನು ಓಡಿಸುತ್ತಿದ್ದರು.

ಕಣ್ಣಾರೆ ಕಾಣಲು ಎಷ್ಟು ದೂರವಾದರೂ ಹೋಗುತ್ತಿದ್ದರು. ನವೆಂಬರ್, ಡಿಸೆಂಬರಿನ ಭಾನುವಾರಗಳಲ್ಲಿ ಕೈಯಲ್ಲೊಂದು ಛತ್ರಿ, ಬಗಲಲ್ಲೊಂದು ಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು. ಕುರಿಗಳು ಯಾವ ಗದ್ದೆಯಲ್ಲಿ ನಿಂತಿವೆ ಎಂದು ದಾರಿಯ ಚಹಾ ಅಂಗಡಿಗಳಲ್ಲಿ ವಿಚಾರಿಸುತ್ತ ಹೋಗುವುದು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಗದ್ದೆಯ ಬದುವಿನ ಮೇಲೆ ಕೂತು ಹದಿನೆಂಟು ತುಂಬಿದವರ ಅರ್ಜಿ ಬರೆಯುತ್ತಿದ್ದರು. ಒಬ್ಬ ಹುಡುಗಿ ತನಗೆ ವಯಸ್ಸಾಗಿಲ್ಲ, ಮುಂದಿನ ವರ್ಷ ನೋಡೋಣ ಎಂದು ನಾಚಿಕೊಂಡಳು.

“ನನಗ ಹೇಳತೀಯೇನ? ನಿನ್ನ ತಕ್ಕಡ್ಯಾಗ ತೂಗಿದೋಳು ನಾನು. ಎರಡೂಕಾಲು ಕಿಲೋ ಇದ್ದಿ, ಒಂದು ಕೋಳಿಯಷ್ಟು. ಹೆಬ್ಬೆಟ್ಟು ಒತ್ತತೀಯೋ, ಸಹಿ ಮಾಡತೀಯೋ?”

ಹುಡುಗಿ ಸಹಿ ಮಾಡಿದಳು. ಅಕ್ಕೋರು ಆ ಸಹಿಯನ್ನು ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದರು. ಅಕ್ಷರ ಕಲಿಸಿದ್ದೂ ಅವರೇ ಎಂದು ನನಗೆ ಆಮೇಲೆ ಗೊತ್ತಾಯಿತು.

ಅವರದು ಕಚೇರಿಗಳಿಗೆ ಹೆದರುವ ಸ್ವಭಾವ ಅಲ್ಲ, ಜಗಳದ ಸ್ವಭಾವವೂ ಅಲ್ಲ. ಮೈಲಾರದ ಸುತ್ತಲಿನ ಊರುಗಳಲ್ಲಿ ಮೈಲಾರಪ್ಪ ಎಂಬ ಹೆಸರಿಗೆ ಬರವಿಲ್ಲ. ಅವರ ಊರಲ್ಲಿ ಒಂಬತ್ತು ಮಂದಿ ಇದ್ದರು. ಒಂದು ವರ್ಷ ಕಂಪ್ಯೂಟರು ಒಂಬತ್ತೂ ಹೆಸರು ಒಬ್ಬನದೇ ಇರಬಹುದು ಎಂದು ಗುರುತು ಹಾಕಿ ಕಳಿಸಿತು. ಅಕ್ಕೋರು ಒಂಬತ್ತು ಮಂದಿಯನ್ನೂ ಅಂಗನವಾಡಿಯ ಮುಂದೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿ ಕಚೇರಿಗೆ ಕಳಿಸಿದರು. ಕೆಳಗೆ ಒಂದೇ ಸಾಲು: “ಎರಡನೇ ಸಲ ಬಂದವರು ಯಾರು ಎಂಬುದನ್ನು ತಾವೇ ಆರಿಸಬೇಕಾಗಿ ವಿನಂತಿ.” ಒಂಬತ್ತೂ ಉಳಿದವು.

ನಾಲ್ಕು ವರ್ಷದ ಹಿಂದೆ, ಚುನಾವಣೆ ಹತ್ತಿರ ಬಂದಿದ್ದ ಒಂದು ಡಿಸೆಂಬರಿನಲ್ಲಿ, ಹೆಸರು ತೆಗೆಯಬೇಕೆಂದು ಕೋರಿದ ಅರ್ಜಿಗಳ ಒಂದು ಕಟ್ಟು ಪರಿಶೀಲನೆಗೆಂದು ಅವರ ಕೈಗೆ ಬಂತು. ಅಕ್ಕೋರ ಪ್ರಕಾರ ಅರವತ್ತೊಂದು, ಕಚೇರಿಯ ಪ್ರಕಾರ ಅರವತ್ಮೂರು. ಎರಡೂ ನನ್ನ ಟಿಪ್ಪಣಿಯಲ್ಲಿವೆ. ಎಲ್ಲವೂ ಎರಡೇ ಓಣಿಯವು. ಒಂದು ಕುರಿಯವರ ಓಣಿ, ಇನ್ನೊಂದು ದಲಿತರ ಕಾಲೊನಿ. ಎಲ್ಲದರಲ್ಲೂ ಕಾರಣ ಒಂದೇ: ಊರು ಬಿಟ್ಟಿದ್ದಾರೆ. ಹಿಂದಿನ ಪಂಚಾಯಿತಿ ಚುನಾವಣೆಯಲ್ಲಿ ಆ ಎರಡು ಓಣಿಯ ಮತಗಳಿಂದ ಒಬ್ಬ ಮುಖಂಡರ ಕಡೆಯ ಅಭ್ಯರ್ಥಿ ಸೋತಿದ್ದರು. ಅದಕ್ಕೂ ಈ ಅರ್ಜಿಗಳಿಗೂ ಸಂಬಂಧ ಇತ್ತೆಂದು ಯಾರೂ ಸಾಬೀತು ಮಾಡಿಲ್ಲ.

ಹಾಲಪ್ಪನವರ ಹೆಸರು ಕಟ್ಟಿನಲ್ಲಿ ಮೂರನೆಯದು. ವಿಚಾರಣೆಯ ದಿನ ಹಾಜರಾಗದಿದ್ದರೆ ಅವರ ಹೆಸರು ಎರಡನೇ ಸಲ ಹೋಗುತ್ತಿತ್ತು. ಅವರು ಆಗ ಎಪ್ಪತ್ತು ದಾಟಿದ್ದರು, ಕುರಿಗಳ ಜೊತೆ ಕಾಲುವೆ ಬಯಲಿನಲ್ಲಿದ್ದರು. ನೋಟಿಸು ಅವರ ಮನೆಯ ಬೀಗದ ಪಕ್ಕ ಅಂಟಿಸಲ್ಪಟ್ಟಿತ್ತು.

ಎಲ್ಲ ಅರ್ಜಿಗಳ ಕೆಳಗೂ ಒಂದೇ ಅರ್ಜಿದಾರರ ಹೆಸರು, ಒಂದೇ ಚೆಂದದ ಸಹಿ. ಆ ಹೆಸರು ಹನುಮಕ್ಕ. ಹನುಮಕ್ಕ ಅಂಗನವಾಡಿಯ ಸಹಾಯಕಿ, ಹತ್ತು ವರ್ಷದಿಂದ ಅಕ್ಕೋರ ಜೊತೆಗೇ ಕೆಲಸ. ಮುಂದಿನ ಮಾತುಕತೆಯನ್ನು ನನಗೆ ಹೇಳಿದವರು ಹನುಮಕ್ಕನೇ, ನಗುತ್ತ.

“ಏನ ಹನುಮಿ, ಯಾವಾಗ ಕಲ್ತಿ ಸಹಿ ಮಾಡಾಕ?”

“ಯಾರ್ರಿ? ನಾನೇನ್ರಿ?”

“ಅರವತ್ತು ಕಡಿ ಮಾಡೀಯಲ್ಲ. ಮುತ್ತಿನಂಗ ಅದಾವು.”

“ಅಷ್ಟು ಬರಿಯಾಕ ಬಂದಿದ್ರ ರಿಜಿಸ್ಟರು ನಾನ ಬರೀತಿದ್ನ್ರಿ. ಉಪ್ಪಿಟ್ಟು ನೀವು ಕೆದಕತಿದ್ರಿ.”

ಅದೇ ವಾರ ಮುಖಂಡರು ಅಂಗನವಾಡಿಗೆ ಬಂದರು. ಹನುಮಕ್ಕ ಒಳಗೆ ಮೊಟ್ಟೆ ಸುಲಿಯುತ್ತಿದ್ದರು. ಅವರ ಹೇಳಿಕೆಯಂತೆ ಮುಖಂಡರು ದನಿ ಎತ್ತಲಿಲ್ಲ, ಮಕ್ಕಳಿಗೆ ಬಿಸ್ಕಿಟ್ ತಂದಿದ್ದರು.

“ಸುಳ್ಳು ಬರೀರಿ ಅಂತ ನಾ ಅಂದಿಲ್ಲ ಅಕ್ಕೋರ. ಬೀಗ ಐತೋ ಇಲ್ಲೋ? ಐತಿ. ಬೀಗ ಐತಿ ಅಂತ ಬರೀರಿ. ಅಷ್ಟ.”

“ಬರೀತೀನ್ರಿ. ಅವರು ಎಲ್ಲಿ ಅದಾರ ಅನ್ನೋದೂ ಬರೀಬೇಕಲ್ರಿ. ನಿಮ್ಮ ಬೀಗರ ಗದ್ದ್ಯಾಗ ಕುರಿ ನಿಲ್ಲಿಸ್ಯಾರ. ಗೊಬ್ಬರ ಆಗಲಿ ಅಂತ ಕರಸಿದೋರು ನೀವ.”

“ವಯಸ್ಸಾಗೈತಿ ನಿಮಗ. ಇನ್ನ ಎರಡು ಮೂರು ವರ್ಷ ನೌಕರಿ. ಸುಮ್ಮನ ಮುಗಸಿಕೊಂಡು ಹೋಗೋದು ನೋಡ್ರಿ.”

“ಬಿಸ್ಕಿಟ್ ಒಯ್ರಿ. ಹುಡುಗ್ರು ಊಟಕ್ಕ ಮೊದಲ ತಿಂದ್ರ ಉಣ್ಣಂಗಿಲ್ಲ.”

ವಿಚಾರಣೆಗೆ ಉಳಿದಿದ್ದು ಐದು ದಿನ. ನಡುವೆ ಭಾನುವಾರ ಇರಲಿಲ್ಲ. ಅಕ್ಕೋರು ಎರಡು ದಿನ ಅಂಗನವಾಡಿಯನ್ನು ಹನುಮಕ್ಕನಿಗೆ ಬಿಟ್ಟು ಹೋದರು. ರಜೆ ಚೀಟಿ ಬರೆದಿಟ್ಟಿದ್ದರು, ಮಂಜೂರಾಗಿರಲಿಲ್ಲ. ಕಾಲುವೆ ಬಯಲಿನಲ್ಲಿ ಅವರು ಕುರಿಯವರಿಗೆ ಹೇಳಿದ್ದು ಸರಳ ಲೆಕ್ಕ: ಎಲ್ಲರೂ ಬಂದರೆ ಕುರಿ ಕಾಯುವವರಿಲ್ಲ, ಯಾರೂ ಬರದಿದ್ದರೆ ಹೆಸರು ಕಾಯುವವರಿಲ್ಲ. ಮನೆಗೊಬ್ಬರು ಬರಬೇಕು.

ವಿಚಾರಣೆಯ ಬೆಳಗ್ಗೆ ನಾನು ತಾಲ್ಲೂಕು ಕಚೇರಿಯಲ್ಲಿದ್ದೆ. ಮೊದಲ ಬಸ್ಸಿಗೆ ಕಂಬಳಿಗಳು ಇಳಿದವು. ಕಾಲೊನಿಯವರು ಕೊಟ್ಟೂರಿನ ಕಡೆ ಇಟ್ಟಿಗೆ ಭಟ್ಟಿಯಲ್ಲಿದ್ದರು. ಅವರೂ ಬಂದರು, ಕೈಕಾಲಿಗೆ ಕೆಂಪು ಧೂಳು ಹಾಗೇ ಇತ್ತು. ಅಧಿಕಾರಿ ಹೊಸಬರು, ತಾಳ್ಮೆಯವರು. ಅಕ್ಕೋರ ನೋಟ್‌ಬುಕ್ ತಿರುವುತ್ತ ಕೊನೆಯ ಕಾಲಂ ಹತ್ತಿರ ನಿಂತರು.

“ಇದೇನಮ್ಮ, ದೀಪ ಅಂತ?”

“ವಾಸ ಇರೋದಕ್ಕ ದಾಖಲಿ ಸರ್.”

“ನಮೂನೆಯಲ್ಲಿ ಇಂಥ ಕಾಲಂ ಇಲ್ಲವಲ್ಲ.”

“ಇಲ್ಲ ಅಂತನ ನಾನ ಗೆರಿ ಹಾಕೀನ್ರಿ.”

ಅಧಿಕಾರಿ ನಗಲಿಲ್ಲ. ದೀಪ ಹಚ್ಚುವವರು ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದರು. ಹದಿನಾಲ್ಕು ಹೆಂಗಸರು ಹೊರಗೆ ಜಗುಲಿಯ ಮೇಲೆ ಕೂತಿದ್ದರು. ಒಬ್ಬೊಬ್ಬರನ್ನೇ ಕರೆದು ಹೇಳಿಕೆ ಬರೆಸಿಕೊಂಡರು. ಆಮೇಲೆ ಅರ್ಜಿದಾರರ ಸರದಿ. ಹನುಮಕ್ಕನ ಮುಂದೆ ಒಂದು ಖಾಲಿ ಹಾಳೆ, ಪೆನ್ನು ಇಟ್ಟು ಸಹಿ ಮಾಡಲು ಹೇಳಿದರು. ಹನುಮಕ್ಕ ಪೆನ್ನನ್ನು ಬದಿಗೆ ಸರಿಸಿ ಸುತ್ತ ನೋಡಿದರು. “ಮಸಿ ಡಬ್ಬಿ ಎಲ್ಲಿ ಐತ್ರಿ?”

ಅರ್ಜಿಗಳು ವಜಾ ಆದವು, ಎರಡರ ಹೊರತು. ಆ ಎರಡನ್ನು ಒಪ್ಪಬೇಕೆಂದು ಹೇಳಿದವರು ಅಕ್ಕೋರೇ. ಒಂದು, ಮದುವೆಯಾಗಿ ಕೂಡ್ಲಿಗಿಗೆ ಹೋದ ಹೆಣ್ಣುಮಗಳದು. ಇನ್ನೊಂದು ಹಾಲಪ್ಪನವರ ಹೆಂಡತಿಯದು. ಆ ವರ್ಷದ ಮುಂಗಾರಿನಲ್ಲಿ, ಕುರಿಗಳ ಜೊತೆ ತಿರುಗಿ ಬರುವ ದಾರಿಯಲ್ಲಿ ಅವರು ತೀರಿಕೊಂಡಿದ್ದರು.

ಕಚೇರಿಯ ಮೆಟ್ಟಿಲ ಮೇಲೆ ಹಾಲಪ್ಪ ಅಕ್ಕೋರನ್ನು ತಡೆದರು. ನಾನು ಪಕ್ಕದಲ್ಲೇ ನಿಂತಿದ್ದೆ.

“ಇರಲಿ ಬಿಡ್ರಿ ಅಕ್ಕೋರ. ಆಕಿ ಹೆಸರು ಒಂದು ಇದ್ರ ಯಾರಿಗೇನು ಭಾರ?”

“ಯಾರಿಗೂ ಭಾರ ಇಲ್ಲ ಅಜ್ಜಾ. ಆದ್ರ ಸತ್ತೋರ ಹೆಸರಿಗೆ ಇನ್ಯಾರೋ ಬಂದು ಓಟು ಹಾಕತಾರ. ಆವತ್ತು ನಮ್ಮ ಪಟ್ಟಿನ ಸುಳ್ಳು ಅಂತಾರ. ಆಗ ನಿನ್ನದೂ ಉಳಿಯಂಗಿಲ್ಲ.”

ಹಾಲಪ್ಪ ಅಕ್ಕೋರ ಚೀಲದ ಕಡೆ ಕೈ ಮಾಡಿದರು. “ಎಲ್ಲೈತಿ ಆಕಿ ಹೆಸರು? ತೋರಸ್ರಿ.”

ಅಕ್ಕೋರು ಮೆಟ್ಟಿಲ ಮೇಲೆ ಕೂತು ಪಟ್ಟಿ ತೆಗೆದು ಅವರ ಬೆರಳನ್ನು ಹಿಡಿದು ಆ ಸಾಲಿನ ಮೇಲೆ ಇಟ್ಟರು. ಹೆಸರು, ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಎಲ್ಲವನ್ನೂ ಜೋರಾಗಿ ಒಮ್ಮೆ ಓದಿದರು. ಮೆಟ್ಟಿಲು ಹತ್ತುವವರು ಇಬ್ಬರು ನಿಂತು ಕೇಳಿದರು. ಆಮೇಲೆ ಅಕ್ಕೋರು ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದರು. ಆವತ್ತಿನ ಸುದ್ದಿಯಲ್ಲಿ ಇದು ಯಾವುದೂ ಇರಲಿಲ್ಲ.

ಮಂಜೂರಾಗದ ಎರಡು ದಿನದ ರಜೆಗೆ ಅಕ್ಕೋರಿಗೆ ಲಿಖಿತ ಎಚ್ಚರಿಕೆ ಬಂತು. ಹೋಗಿದ್ದು ನಿಜ ಎಂದು ಒಂದು ಸಾಲಿನ ಉತ್ತರ ಕೊಟ್ಟರು. ಆ ಎಚ್ಚರಿಕೆ ಪತ್ರವನ್ನು ನೋಟ್‌ಬುಕ್ಕಿನ ಹಿಂದಿನ ರಟ್ಟಿನೊಳಗೆ ಮಡಚಿ ಇಟ್ಟುಕೊಂಡಿದ್ದರು, ಕೇಳಿದರೆ ತೋರಿಸುತ್ತಿದ್ದರು. ಅರ್ಜಿಗಳಿಗೆ ಹನುಮಕ್ಕನ ಹೆಸರಲ್ಲಿ ಸಹಿ ಮಾಡಿದವರು ಯಾರೆಂದು ಇದುವರೆಗೆ ಪತ್ತೆಯಾಗಿಲ್ಲ. ದೂರು ದಾಖಲಾಗಿದೆ.

ನಂತರದ ಚುನಾವಣೆಯಲ್ಲಿ ಹಾಲಪ್ಪ ಬೆಳಗ್ಗೆ ಏಳಕ್ಕೇ ಬಂದು ಮತ ಹಾಕಿದರು. ಹೊರಗೆ ಬಂದು ಮಸಿ ಹಚ್ಚಿದ ಬೆರಳನ್ನು ಅಕ್ಕೋರ ಮುಖದ ಹತ್ತಿರ ಹಿಡಿದರು. “ನೋಡ್ಕೋ, ಅದೀನಿ.” ಅಕ್ಕೋರು ಚಹಾ ತರಿಸಿದರು. ಈ ಸಲ ಕುಡಿದರು. ಮಲ್ಲವ್ವನ ಪಾಲಿಗೆ ಬೇರೆ ತರಿಸಬೇಕಾಯಿತು.

ಹೋದ ವರ್ಷದ ಹಿಂದಿನ ವರ್ಷ ಅಕ್ಕೋರು ನಿವೃತ್ತರಾದರು. ಅಂಗನವಾಡಿಯಲ್ಲಿ ಶಾಲು ಹೊದಿಸಿದರು. ತಾವು ತೂಗಿದ ಮಕ್ಕಳೇ ತಮ್ಮನ್ನು ತೂಗಬೇಕೆಂದು ಅಕ್ಕೋರು ಹಟ ಮಾಡಿ ತಕ್ಕಡಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಕಳೆದ ಸೆಪ್ಟೆಂಬರಿನಲ್ಲಿ, ಹೂವಿನಹಡಗಲಿಯಲ್ಲಿ ಮಲ್ಲಿಗೆ ವ್ಯಾಪಾರ ಮಾಡುವ ಮಗಳ ಮನೆಯಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ನಾಲ್ಕು ದಿನಕ್ಕೆಂದು ಹೋಗಿದ್ದರು. ಊರಿನ ಮನೆಯ ಕೀಲಿಯನ್ನು ಮಲ್ಲವ್ವನ ಕೈಗೆ ಕೊಟ್ಟು ಹೋಗಿದ್ದರು.

ನವೆಂಬರಿನಲ್ಲಿ ಹೊಸದಾಗಿ ಪಟ್ಟಿಯ ಹೊಣೆ ಹೊತ್ತ ಶಾಲಾ ಶಿಕ್ಷಕರು ಮನೆಮನೆಗೆ ಬಂದಾಗ ಅಕ್ಕೋರ ಹೆಸರು ಪಟ್ಟಿಯಲ್ಲಿ ಹಾಗೇ ಇತ್ತು. ತೆಗೆಯಲು ಯಾರಾದರೂ ಅರ್ಜಿ ಕೊಡಬೇಕು. ಮಗಳು ಒಂದು ವರ್ಷ ಇರಲಿ ಎಂದರು. ಹನುಮಕ್ಕ ಹೆಸರು ತೆಗೆಯುವ ಯಾವ ಅರ್ಜಿಗೂ ತಾನು ಹೆಬ್ಬೆಟ್ಟು ಒತ್ತುವುದಿಲ್ಲ ಎಂದರು. ಮೂರನೇ ದಿನ ಹಾಲಪ್ಪ ಕೋಲೂರಿಕೊಂಡು ಶಾಲೆಗೆ ಬಂದರು. ಅವರು ಈಗ ಕುರಿಯ ಹಿಂದೆ ಹೋಗುವುದಿಲ್ಲ. ಅವರನ್ನು ನೋಡಿಕೊಳ್ಳಲು ಮಲ್ಲವ್ವನೂ ಊರಲ್ಲೇ ಉಳಿದಿದ್ದಾರೆ. ಶಿಕ್ಷಕರು ನನಗೆ ಹೇಳಿದ್ದನ್ನು ಹಾಗೆಯೇ ಕೊಡುತ್ತೇನೆ.

“ಅಕ್ಕೋರ ಹೆಸರು ತಗೀಬೇಕು. ಇಲ್ಲಂದ್ರ ಆಕಿನ ಸಿಟ್ಟಾಗತಾಳ” ಎಂದರಂತೆ. ಅರ್ಜಿ ಬರೆದಾದ ಮೇಲೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಕೈಯನ್ನು ಹಾಗೇ ಎತ್ತಿ ಹಿಡಿದರಂತೆ. “ತಡೀರಿ ಸರ. ಮೊದಲ ಒಮ್ಮೆ ಜೋರಾಗಿ ಓದ್ರಿ.”

ಶಿಕ್ಷಕರು ಹೆಸರು, ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು ಓದಿದರು. ಹಾಲಪ್ಪ ಹೆಬ್ಬೆಟ್ಟು ಒತ್ತಿದರು.

ಜನವರಿಯ ಪಟ್ಟಿಯಲ್ಲಿ ಆ ಎರಡು ಓಣಿಗಳಿಂದ ಯಾವ ಹೆಸರೂ ಹೋಗಿಲ್ಲ. ನೋಟ್‌ಬುಕ್ ಈಗ ಶಿಕ್ಷಕರ ಹತ್ತಿರ ಇದೆ. ಅಕ್ಕೋರ ಮನೆಗೆ ಬೀಗ ಹಾಕಿದೆ, ಕೀಲಿ ಮಲ್ಲವ್ವನ ಹತ್ತಿರವೇ ಇದೆ. ಅವರ ಮನೆಯ ದೀಪದ ವಾರ ಸೋಮವಾರ, ಮಲ್ಲವ್ವನ ಮನೆಯದು ಭಾನುವಾರ. ಕಳೆದ ಭಾನುವಾರ ಸಂಜೆ ನಾನು ಹೋದಾಗ ಅಕ್ಕೋರ ಮನೆಯ ಒಳಗೆ ದೀಪ ಉರಿಯುತ್ತಿತ್ತು.